ಯೆರವಡಾದ ತಾರಸಿಯಿಂದ ತಾರೆಗಳತ್ತ: ಪ್ರತಿಫಲಕ ದೂರದರ್ಶಕದ ಆಯ್ಕೆ ಮತ್ತು ಬಳಕೆ

ಮಳೆಗಾಲ ಮುಗಿದು, ದೀಪಾವಳಿಯ ಪಟಾಕಿಯ ಹೊಗೆಯೂ ಅಡಗಿದ ಮೇಲೆ ಪುಣೆಯ ಆಕಾಶ ನೋಡಲು ಯೋಗ್ಯವಾಗುತ್ತದೆ. ಅದೇ ಸಮಯಕ್ಕೆ ನಮ್ಮ ಪರಿಚಯದ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆಯೂ ಏಳುತ್ತದೆ. ಮಗನಿಗೋ ಮೊಮ್ಮಗಳಿಗೋ ಒಂದು ದೂರದರ್ಶಕ ಕೊಡಿಸಬೇಕೆಂದಿದ್ದೇವೆ, ಯಾವುದನ್ನು ಕೊಳ್ಳಬೇಕು, ಯೆರವಡಾದಂತಹ ದೀಪಗಳ ನಡುವಿನ ಬಡಾವಣೆಯಲ್ಲಿ ಅದರಿಂದ ಏನಾದರೂ ಕಾಣಿಸುವುದೇ ಎಂದು ಬಂಧುಗಳು ಕೇಳುತ್ತಾರೆ. ಕಾಣಿಸುತ್ತದೆ, ಆದರೆ ಕೊಳ್ಳುವಾಗ ಮಾಡುವ ಒಂದು ತಪ್ಪಿನಿಂದ ಎಲ್ಲವೂ ಕೆಡಬಹುದು. ಆ ತಪ್ಪನ್ನು ಸ್ವತಃ ಮಾಡಿದವರಾದುದರಿಂದ ಈ ಲೇಖನವನ್ನು ಬರೆಯುವ ಅಧಿಕಾರ ನಮಗೆ ಸ್ವಲ್ಪಮಟ್ಟಿಗೆ ಬಂದಿದೆ ಎಂದು ಭಾವಿಸಿದ್ದೇವೆ.

ಹಲವು ವರ್ಷಗಳ ಹಿಂದೆ ನಗರದ ಒಂದು ಅಂಗಡಿಯಿಂದ ನಾವು ಒಂದು ದೂರದರ್ಶಕವನ್ನು ತಂದೆವು. ಪೆಟ್ಟಿಗೆಯ ಮೇಲೆ ಶನಿಗ್ರಹದ ಬಣ್ಣದ ಚಿತ್ರ, ಅದರ ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ 525 ಪಟ್ಟು ಎಂಬ ಬರಹ. ಆ ಸಂಖ್ಯೆಗೆ ಮರುಳಾಗಿಯೇ ಕೊಂಡೆವೆಂದು ಒಪ್ಪಿಕೊಳ್ಳಬೇಕು. ಮನೆಗೆ ತಂದು, ಎಲ್ಲಕ್ಕಿಂತ ಹೆಚ್ಚಿನ ವರ್ಧನೆಯನ್ನೇ ಜೋಡಿಸಿ, ಶನಿಯನ್ನು ಹುಡುಕತೊಡಗಿದೆವು. ಗ್ರಹ ಸಿಕ್ಕಿತು, ಆದರೆ ಮಂಕಾದ ಹಳದಿ ಗುಳ್ಳೆಯಂತೆ ನಡುಗುತ್ತಿತ್ತು. ತೆಳ್ಳನೆಯ ಮೂರು ಕಾಲಿನ ಆಧಾರವನ್ನು ಬೆರಳು ತಾಗಿದರೂ ಅದು ನೋಟದಿಂದ ಹೊರಕ್ಕೆ ನೆಗೆಯುತ್ತಿತ್ತು. ತಾಗದಿದ್ದರೂ ಇಪ್ಪತ್ತು ಸೆಕೆಂಡಿನೊಳಗೆ ತಾನಾಗಿಯೇ ಜಾರಿಹೋಗುತ್ತಿತ್ತು. ಆಗ ಏಳು ವರ್ಷದವಳಾಗಿದ್ದ ಮಗಳು "ಅಪ್ಪಾ, ಇದು ನಿಂದ್ರವಲ್ದು" ಎಂದು ನಾಲ್ಕು ಸಲ ಹೇಳಿ, ಐದನೆಯ ಸಲ ಹೇಳದೆ ಕೆಳಗಿಳಿದು ಹೋದಳು. ದೂರದರ್ಶಕ ಮಂಚದ ಕೆಳಗೆ ಸೇರಿತು. ಉಪಕರಣದ ಬೆಲೆಗಿಂತ ದೊಡ್ಡ ನಷ್ಟವೆಂದರೆ ಆ ವರ್ಷ ಆ ಮಗುವಿಗೆ ಆಕಾಶದ ಮೇಲೆ ಹೊರಟುಹೋದ ಆಸಕ್ತಿ. ಅದು ಮರಳಿ ಬರಲು ಮೂರು ವರ್ಷ ಮತ್ತು ಬೇರೊಂದು ದೂರದರ್ಶಕ ಬೇಕಾಯಿತು.

ತಾರೆಗಳನ್ನು ನೋಡುವ ವಿಷಯದಲ್ಲಿ ಯೆರವಡಾಕ್ಕೆ ಒಂದು ಹಳೆಯ ಪರಂಪರೆಯೇ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1932ರಲ್ಲಿ ಇಲ್ಲಿಯ ಕಾರಾಗೃಹದಲ್ಲಿದ್ದಾಗ ಮಹಾತ್ಮಾ ಗಾಂಧಿಯವರು ಖಗೋಳದಲ್ಲಿ ಗಾಢವಾದ ಆಸಕ್ತಿಯನ್ನು ತಳೆದಿದ್ದರು. ಜೇಮ್ಸ್ ಜೀನ್ಸ್ ಅವರಂತಹ ಲೇಖಕರ ಗ್ರಂಥಗಳನ್ನು ಓದಿದರು; ಆಕಾಶವನ್ನು ನೋಡಬೇಕೆಂದು ಆಶ್ರಮವಾಸಿಗಳಿಗೆ ಪತ್ರ ಬರೆದರು; ಕಾರಾಗೃಹದ ಅಂಗಳಕ್ಕೆ ದೂರದರ್ಶಕವನ್ನೂ ತರಿಸಲಾಗಿತ್ತು. ಈ ಹವ್ಯಾಸದ ಬೀಜವನ್ನು ಅವರಲ್ಲಿ ಬಿತ್ತಿದವರಲ್ಲಿ ಮುಖ್ಯರು, 1930ರಲ್ಲಿ ಅದೇ ಕಾರಾಗೃಹದಲ್ಲಿ ಅವರ ಜೊತೆಗಿದ್ದ ಕಾಕಾ ಕಾಲೇಲ್ಕರರು. ಕಾರವಾರ ಮತ್ತು ಬೆಳಗಾವಿಗಳ ನೆನಪುಗಳನ್ನು ಹೊತ್ತ ಆ ಹಿರಿಯರು ನಮ್ಮವರೂ ಹೌದೆಂದು ನಾವು ಸ್ವಲ್ಪ ಹೆಮ್ಮೆಪಟ್ಟುಕೊಳ್ಳಬಹುದು. ಅಂದಿನ ಯೆರವಡಾದ ಕತ್ತಲೆ ಇಂದು ನಮಗಿಲ್ಲ. ಆದರೆ ನಮ್ಮ ಕೈಗೆಟುಕುವ ಉಪಕರಣಗಳು ಅಂದು ಸಾಮಾನ್ಯ ಕುಟುಂಬಗಳಿಗೆ ಕನಸಿನಲ್ಲಿಯೂ ದೊರೆಯುವಂತಿರಲಿಲ್ಲ.

ಈಗ ಉಪಕರಣದ ವಿಚಾರಕ್ಕೆ ಬರೋಣ. ದೂರದರ್ಶಕಗಳಲ್ಲಿ ಎರಡು ಮುಖ್ಯ ಬಗೆಗಳಿವೆ. 1609ರಲ್ಲಿ ಗೆಲಿಲಿಯೊ ಆಕಾಶಕ್ಕೆ ತಿರುಗಿಸಿದ್ದು ಮಸೂರದ ದೂರದರ್ಶಕ. ಗಾಜಿನ ಮಸೂರದಲ್ಲಿ ಹಾದುಹೋಗುವ ಬೆಳಕಿನ ಬಣ್ಣಗಳು ಬೇರೆ ಬೇರೆ ಸ್ಥಳಗಳಲ್ಲಿ ಸಂಗಮಿಸುವುದರಿಂದ ಬಿಂಬದ ಸುತ್ತ ಬಣ್ಣದ ಅಂಚು ಮೂಡುತ್ತಿತ್ತು. ಬೆಳಕು ಗಾಜಿನೊಳಗೆ ಹೋಗದೆ ಕನ್ನಡಿಯ ಮೇಲಿಂದ ಮರಳಿದರೆ ಈ ತೊಂದರೆಯೇ ಇಲ್ಲವೆಂದು ಮನಗಂಡ ನ್ಯೂಟನ್ 1668ರಲ್ಲಿ ಪುಟ್ಟದೊಂದು ಪ್ರತಿಫಲಕ ದೂರದರ್ಶಕವನ್ನು ತಾನೇ ನಿರ್ಮಿಸಿದನು. ಅದರ ಕನ್ನಡಿ ತಾಮ್ರ ಮತ್ತು ತವರದ ಮಿಶ್ರಲೋಹದ್ದು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಪ್ರತಿಫಲಕಗಳಲ್ಲಿ ಹೆಚ್ಚಿನವು ಅದೇ ರಚನೆಯವು. ಕೊಳವೆಯ ತಳದಲ್ಲಿ ತಗ್ಗಾದ ಮುಖ್ಯ ದರ್ಪಣವಿರುತ್ತದೆ. ಅದು ಬೆಳಕನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳಿಸುತ್ತದೆ. ಬಾಯಿಯ ಹತ್ತಿರ ಓರೆಯಾಗಿ ನಿಲ್ಲಿಸಿದ ಚಪ್ಪಟೆಯಾದ ಕಿರುದರ್ಪಣ ಆ ಬೆಳಕನ್ನು ಪಕ್ಕಕ್ಕೆ ತಿರುಗಿಸುತ್ತದೆ. ಅಲ್ಲಿ ಐಪೀಸ್ ಇಟ್ಟು ನಾವು ನೋಡುತ್ತೇವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಾಜಿಗೆ ಬೆಳ್ಳಿಯ ಲೇಪ ಕೊಡುವ ವಿಧಾನ ಬಂದ ಮೇಲೆ ಲೋಹದ ಕನ್ನಡಿಗಳು ಮರೆಯಾದವು. ಈಗ ಬೆಳ್ಳಿಯ ಸ್ಥಾನದಲ್ಲಿ ಅಲ್ಯೂಮಿನಿಯಂ ಇದೆ.

ಬೆಳ್ಳಿಯ ಲೇಪದ ಅಂತಹ ಒಂದು ದರ್ಪಣ ಪುಣೆಯಲ್ಲಿಯೇ ಇತ್ತು. ಮುಂದೆ ಎಂಜಿನಿಯರಿಂಗ್ ಕಾಲೇಜೆಂದು ಹೆಸರಾದ ಸಂಸ್ಥೆ ಅಂದು ವಿಜ್ಞಾನ ಕಾಲೇಜೆನಿಸಿಕೊಂಡಿದ್ದಾಗ, ಅಲ್ಲಿಯ ಅಧ್ಯಾಪಕರಾದ ಕಾವಸ್‌ಜಿ ದಾದಾಭಾಯಿ ನಾಯಗಾಂವಾಲಾ ಅವರು ಭಾವನಗರದ ಮಹಾರಾಜರ ನೆರವಿನಿಂದ ಒಂದು ವೀಕ್ಷಣಾಲಯವನ್ನು ಕಟ್ಟಿಸಿದರು. 1888ರಲ್ಲಿ ಸಿದ್ಧವಾದ ಅದಕ್ಕೆ ಮಹಾರಾಜಾ ತಖ್ತಸಿಂಗ್‌ಜಿ ವೀಕ್ಷಣಾಲಯವೆಂದು ಹೆಸರಾಯಿತು. ಡಬ್ಲಿನ್ ನಗರದ ಗ್ರಬ್ ಅವರು ನಿರ್ಮಿಸಿಕೊಟ್ಟ ಅಲ್ಲಿಯ 20 ಇಂಚಿನ ಪ್ರತಿಫಲಕವು ಆ ಕಾಲದ ಭಾರತದಲ್ಲಿ ಅತಿ ದೊಡ್ಡ ದೂರದರ್ಶಕವಾಗಿತ್ತು. ನಾಯಗಾಂವಾಲಾ ಅವರು ನಿವೃತ್ತರಾದ 1912ರಲ್ಲಿ ವೀಕ್ಷಣಾಲಯ ಮುಚ್ಚಿತು, ಉಪಕರಣ ಕೊಡೈಕನಾಲಿಗೆ ಹೋಯಿತು. ಯೆರವಡಾದಿಂದ ಸಂಗಮದ ಕಡೆಗೆ ಹೋಗುವಾಗಲೆಲ್ಲ ನಮಗೆ ಆ ದರ್ಪಣದ ನೆನಪಾಗುತ್ತದೆ.

ದೂರದರ್ಶಕದ ಯೋಗ್ಯತೆಯನ್ನು ನಿರ್ಧರಿಸುವುದು ಅದರ ಮುಖ್ಯ ದರ್ಪಣದ ವ್ಯಾಸ. ಮೇಲೆ ಹೇಳಿದ ವೀಕ್ಷಣಾಲಯವನ್ನು ಇಂದಿಗೂ ಎಲ್ಲರೂ 20 ಇಂಚಿನದೆಂದು ಕರೆಯುತ್ತಾರೆಯೇ ಹೊರತು ಇಷ್ಟು ಪಟ್ಟಿನದೆಂದು ಅಲ್ಲ. ದೂರದರ್ಶಕವನ್ನು ಮಳೆನೀರು ಹಿಡಿಯುವ ಕೊಳಗಕ್ಕೆ ಹೋಲಿಸಬಹುದು; ಬಾಯಿ ಅಗಲವಾದಷ್ಟೂ ಹೆಚ್ಚು ನೀರು. ಕತ್ತಲೆಯಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲವಾಗುತ್ತದೆ. 150 ಮಿಲಿಮೀಟರ್, ಎಂದರೆ ಆರು ಇಂಚಿನ ದರ್ಪಣದ ವಿಸ್ತಾರ ಅದರ ಸುಮಾರು 460 ಪಟ್ಟು. ಕಿರುದರ್ಪಣದ ನೆರಳು, ಪ್ರತಿಫಲನದಲ್ಲಾಗುವ ನಷ್ಟ ಇವನ್ನು ಕಳೆದರೂ ಅದು ಬಹು ದೊಡ್ಡ ಗಳಿಕೆಯೇ. ನಾವು ಮೊದಲು ಕೊಂಡ 76 ಮಿಲಿಮೀಟರಿನ ದರ್ಪಣಕ್ಕಿಂತ ಆರು ಇಂಚಿನದು ನಾಲ್ಕು ಪಟ್ಟು ಬೆಳಕನ್ನು ಹಿಡಿಯುತ್ತದೆ. ಬೆಳಕಷ್ಟೇ ಅಲ್ಲ, ಸೂಕ್ಷ್ಮ ವಿವರಗಳನ್ನು ಬೇರ್ಪಡಿಸಿ ತೋರಿಸುವ ಶಕ್ತಿಯೂ ವ್ಯಾಸವನ್ನೇ ಅವಲಂಬಿಸಿದೆ.

ಇನ್ನು ಪೆಟ್ಟಿಗೆಯ ಮೇಲಿನ ಆ ಸಂಖ್ಯೆಯ ರಹಸ್ಯ. ವರ್ಧನೆಯನ್ನು ತಿಳಿಯಲು ಮುಖ್ಯ ದರ್ಪಣದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಸಾಕು. ನಮ್ಮ ಹಳೆಯ ಉಪಕರಣದ ಸಂಗಮದೂರ 700 ಮಿಲಿಮೀಟರ್. ಅದಕ್ಕೆ 4 ಮಿಲಿಮೀಟರಿನ ಐಪೀಸ್ ಹಾಕಿದರೆ 175 ಪಟ್ಟು. ಅದರ ನಡುವೆ ಮೂರು ಪಟ್ಟಿನ ಬಾರ್ಲೋ ಮಸೂರವನ್ನು ಸೇರಿಸಿದರೆ 525. ಲೆಕ್ಕ ಸುಳ್ಳಲ್ಲ, ಆದರೆ ಉಪಯೋಗವಿಲ್ಲದ ಸತ್ಯ. ದರ್ಪಣದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಎರಡರಿಂದ ಗುಣಿಸಿದರೆ ಬರುವುದು ಆ ಉಪಕರಣದ ವರ್ಧನೆಯ ಗರಿಷ್ಠ ಮಿತಿ. 76 ಮಿಲಿಮೀಟರಿಗೆ ಅದು ಸುಮಾರು 150 ಮಾತ್ರ. ಅದನ್ನು ಮೀರಿದರೆ ಬಿಂಬ ದೊಡ್ಡದಾಗುತ್ತದೆ, ಹೊಸ ವಿವರವೇನೂ ಕಾಣುವುದಿಲ್ಲ. ಹಿಟ್ಟಿಗೆ ನೀರು ಹೆಚ್ಚಾದ ದೋಸೆಯಂತೆ ಅದು ಹರಡಿ ತೆಳುವಾಗುತ್ತದೆ, ಅಷ್ಟೇ. ವಾಸ್ತವದಲ್ಲಿ ನಗರದ ಗಾಳಿಯ ಕಂಪನದಿಂದಾಗಿ ಎಷ್ಟೇ ದೊಡ್ಡ ದೂರದರ್ಶಕವಿದ್ದರೂ ಹೆಚ್ಚಿನ ರಾತ್ರಿಗಳಲ್ಲಿ 150ರಿಂದ 200 ಪಟ್ಟನ್ನು ಮೀರಿ ಹೋಗುವುದರಲ್ಲಿ ಅರ್ಥವಿಲ್ಲ. ಆದುದರಿಂದ ಪೆಟ್ಟಿಗೆಯ ಮೇಲೆ ವ್ಯಾಸಕ್ಕಿಂತ ದೊಡ್ಡ ಅಕ್ಷರಗಳಲ್ಲಿ ವರ್ಧನೆಯನ್ನು ಮುದ್ರಿಸಿದ್ದರೆ ಅಂಗಡಿಯಿಂದ ಹೊರಬರುವುದೇ ಲೇಸು.

ಪ್ರತಿಫಲಕಗಳಲ್ಲಿ ಇನ್ನೊಂದು ಮೋಸವಿದೆ, ಅದು ಸ್ವಲ್ಪ ಸೂಕ್ಷ್ಮವಾದುದು. ದರ್ಪಣದ ತಗ್ಗು ಪರವಲಯದ ಆಕಾರದಲ್ಲಿದ್ದರೆ ಮಾತ್ರ ದೂರದಿಂದ ಬರುವ ಕಿರಣಗಳೆಲ್ಲವೂ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಗೋಳದ ಆಕಾರದ ದರ್ಪಣವನ್ನು ಮಾಡುವುದು ಸುಲಭ, ಅಗ್ಗ. ಸಂಗಮದೂರವು ವ್ಯಾಸದ ಎಂಟು ಪಟ್ಟಿನಷ್ಟಿದ್ದು ದರ್ಪಣ ಚಿಕ್ಕದಾಗಿದ್ದರೆ ಗೋಳಕ್ಕೂ ಪರವಲಯಕ್ಕೂ ಇರುವ ಅಂತರ ಅತ್ಯಲ್ಪವಾದ್ದರಿಂದ ತೊಂದರೆಯಿಲ್ಲ. ಆದರೆ ಸಂಗಮದೂರ ವ್ಯಾಸದ ನಾಲ್ಕೈದು ಪಟ್ಟು ಮಾತ್ರವಿರುವ ಗಿಡ್ಡ ಉಪಕರಣದಲ್ಲಿ ಗೋಳೀಯ ದರ್ಪಣವಿದ್ದರೆ ನಕ್ಷತ್ರಗಳು ಎಂದಿಗೂ ಚುಕ್ಕೆಯಾಗುವುದಿಲ್ಲ. ಮತ್ತೊಂದು ಬಗೆಯಲ್ಲಿ ಕೊಳವೆ ಅರ್ಧ ಮೀಟರಿನಷ್ಟಿದ್ದು, ಬರೆದ ಸಂಗಮದೂರ ಮಾತ್ರ 1000 ಮಿಲಿಮೀಟರ್ ಇರುತ್ತದೆ. ಐಪೀಸ್ ಕೂರುವ ಜಾಗದಲ್ಲಿ ಒಂದು ತಿದ್ದುಪಡಿ ಮಸೂರವನ್ನು ಅಡಗಿಸಿ ಹೀಗೆ ಮಾಡಿರುತ್ತಾರೆ. ಅಗ್ಗದ ಉಪಕರಣಗಳಲ್ಲಿ ಇದು ಚೆನ್ನಾಗಿ ಕೆಲಸಮಾಡುವುದಿಲ್ಲ, ಹೊಂದಿಸುವುದೂ ಕಷ್ಟ. ಅಳತೆಪಟ್ಟಿಯೊಂದನ್ನು ಕಿಸೆಯಲ್ಲಿಟ್ಟುಕೊಂಡು ಹೋದರೆ ಈ ಪರೀಕ್ಷೆ ಅರ್ಧ ನಿಮಿಷದ ಕೆಲಸ. ಕೊಳವೆಯ ಉದ್ದವೂ ಸಂಗಮದೂರವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು.

ದರ್ಪಣದಷ್ಟೇ ಮುಖ್ಯವಾದುದು, ಆದರೆ ಯಾರೂ ಕೇಳದಿರುವುದು, ಆಧಾರ. ಮಗಳ ದೂರು ದರ್ಪಣದ ಮೇಲಿರಲಿಲ್ಲ, ಆಧಾರದ ಮೇಲಿತ್ತು. ಭೂಮಿಯ ಅಕ್ಷಕ್ಕೆ ಸಮನಾಗಿ ಓರೆಮಾಡಿ ನಿಲ್ಲಿಸುವ, ಭಾರದ ಗುಂಡನ್ನು ತೂಗುಹಾಕಿದ ಆಧಾರಗಳು ನೋಡಲು ಬಹಳ ವೈಜ್ಞಾನಿಕವಾಗಿ ಕಾಣುತ್ತವೆ. ಅವನ್ನು ಸರಿಯಾಗಿ ನಿಲ್ಲಿಸಲು ಧ್ರುವ ನಕ್ಷತ್ರ ಕಾಣಬೇಕು. ಪುಣೆಯ ಅಕ್ಷಾಂಶ ಹದಿನೆಂಟೂವರೆ ಡಿಗ್ರಿಯಾದ್ದರಿಂದ ಧ್ರುವ ನಕ್ಷತ್ರ ನಮಗೆ ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿದೆ. ಎದುರಿನ ಕಟ್ಟಡ ನಾಲ್ಕು ಅಂತಸ್ತಿನದಾದರೆ ಮುಗಿಯಿತು. ಅಗ್ಗದ ಉಪಕರಣಗಳೊಂದಿಗೆ ಬರುವ ಅಂತಹ ಆಧಾರಗಳು ಗಾಳಿಗೆ ನಡುಗುವುದೂ ಉಂಟು. ಛಾಯಾಚಿತ್ರ ತೆಗೆಯುವ ಉದ್ದೇಶವಿಲ್ಲದ ಕುಟುಂಬಕ್ಕೆ ಅವು ಬೇಡವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬೇಕಾದುದು ಡಾಬ್ಸನ್ ಆಧಾರ. ಜಾನ್ ಡಾಬ್ಸನ್ ಎಂಬವರು 1915ರಲ್ಲಿ ಚೀನಾದ ಬೀಜಿಂಗಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ವೇದಾಂತ ಮಠವನ್ನು ಸೇರಿ ಸನ್ಯಾಸಿಯಾದರು. ನಮ್ಮ ಊರುಗಳಲ್ಲಿ ಚಿರಪರಿಚಿತವಾದ ರಾಮಕೃಷ್ಣ ಪರಂಪರೆಯದೇ ಮಠವದು. ಹಣವಿಲ್ಲದ ಆ ಸನ್ಯಾಸಿ ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ದರ್ಪಣ ಮಾಡಿಕೊಂಡರು, ರಟ್ಟಿನ ಕೊಳವೆಯಲ್ಲಿ ಅದನ್ನು ಕೂರಿಸಿದರು, ಪ್ಲೈವುಡ್ಡಿನ ಪೆಟ್ಟಿಗೆಯನ್ನು ಆಧಾರವಾಗಿಸಿ ರಸ್ತೆಯ ಮೂಲೆಗಳಲ್ಲಿ ದಾರಿಹೋಕರಿಗೆ ಚಂದ್ರನನ್ನು ತೋರಿಸಿದರು. 1967ರಲ್ಲಿ ಮಠವನ್ನು ಬಿಡಬೇಕಾಗಿ ಬಂದರೂ 2014ರಲ್ಲಿ ತೀರಿಕೊಳ್ಳುವವರೆಗೆ ಈ ಕಾಯಕವನ್ನು ಬಿಡಲಿಲ್ಲ. ಅವರ ಆಧಾರದಲ್ಲಿ ಯಂತ್ರವೆಂಬುದೇ ಇಲ್ಲ. ಫಿರಂಗಿಯಂತೆ ಮೇಲೆ ಕೆಳಗೆ, ಬೀಸುವ ಕಲ್ಲಿನಂತೆ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಸನ್‌ಮೈಕಾದಂತಹ ನುಣುಪು ಹಾಳೆ ಟೆಫ್ಲಾನಿನ ಬಿಲ್ಲೆಗಳ ಮೇಲೆ ಜಾರುತ್ತದೆ. ತಳ್ಳಿದಾಗ ಚಲಿಸುತ್ತದೆ, ಕೈಬಿಟ್ಟಾಗ ನಿಲ್ಲುತ್ತದೆ. ಮಕ್ಕಳಿಗೆ ಕಲಿಸಲು ಎರಡು ನಿಮಿಷ ಸಾಕು.

ಹೀಗಾಗಿ, ತಾರಸಿಗೆ ಹೋಗುವ ಅನುಕೂಲವಿರುವ ಯೆರವಡಾದ ಕುಟುಂಬಕ್ಕೆ ಆರು ಇಂಚಿನ, 1200 ಮಿಲಿಮೀಟರ್ ಸಂಗಮದೂರದ, ಪರವಲಯ ದರ್ಪಣದ ಡಾಬ್ಸನ್ ದೂರದರ್ಶಕ ಅತ್ಯುತ್ತಮ ಎಂದು ನಾವು ಹೇಳುತ್ತೇವೆ. ಅದರೊಂದಿಗೆ 25 ಮತ್ತು 10 ಮಿಲಿಮೀಟರಿನ ಎರಡು ಐಪೀಸುಗಳಿದ್ದರೆ 48 ಮತ್ತು 120 ಪಟ್ಟಿನ ವರ್ಧನೆ ದೊರೆಯುತ್ತದೆ; ಮೊದಲ ವರ್ಷ ಬೇರೇನೂ ಬೇಡ. ಎಂಟು ಇಂಚಿನದು ಇನ್ನೂ ಉತ್ತಮ, ಆದರೆ ಆಧಾರ ಸೇರಿ ಅದರ ತೂಕ ಇಪ್ಪತ್ತು ಕಿಲೋ ಮೀರುತ್ತದೆ. ಲಿಫ್ಟ್ ಮೇಲಿನ ಅಂತಸ್ತಿಗೆ ನಿಂತು ಅಲ್ಲಿಂದ ತಾರಸಿಗೆ ಒಂದು ಮೆಟ್ಟಿಲಸಾಲು ಹತ್ತಬೇಕಾದ ಕಟ್ಟಡಗಳೇ ಹೆಚ್ಚಾದ್ದರಿಂದ, ಹೊರುವವರು ಯಾರು ಎಂಬುದನ್ನು ಮೊದಲು ಮನೆಯಲ್ಲಿ ನಿರ್ಧರಿಸಿಕೊಳ್ಳಿರಿ. ಬಾಲ್ಕನಿ ಮಾತ್ರವಿರುವವರು, ಮೇಜಿನ ಮೇಲಿಡುವ 114 ಅಥವಾ 130 ಮಿಲಿಮೀಟರಿನ ಪುಟ್ಟ ಡಾಬ್ಸನ್‌ಗಳನ್ನು ನೋಡಬಹುದು. ಅವು ಗಿಡ್ಡವಾದ್ದರಿಂದ ದರ್ಪಣ ಪರವಲಯದ್ದೆಂದು ಖಚಿತಪಡಿಸಿಕೊಳ್ಳುವುದು ಅವಶ್ಯ. ಬೆಲೆಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದ ತಿಂಗಳಲ್ಲೇ ಹಳತಾಗುತ್ತವೆ.

ಕೊಳ್ಳುವ ಮೊದಲು ಬೇರೆಯವರ ದೂರದರ್ಶಕದಲ್ಲಿ ಒಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು. ಈ ವಿಷಯದಲ್ಲಿ ಪುಣೆಯವರು ಅದೃಷ್ಟವಂತರು. 1944ರಲ್ಲಿ ಸ್ಥಾಪನೆಯಾದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ದೇಶದ ಹವ್ಯಾಸಿ ಖಗೋಳ ಸಂಸ್ಥೆಗಳಲ್ಲಿ ಅತ್ಯಂತ ಹಿರಿಯದು. ತಿಲಕ್ ರಸ್ತೆಯ ತಿಲಕ್ ಸ್ಮಾರಕ ಮಂದಿರದಲ್ಲಿ ಅದರ ನೆಲೆ. ಜಯಂತ ನಾರಳೀಕರರು 1988ರಲ್ಲಿ ಕಟ್ಟಿದ ಐಯುಕಾ ಸಂಸ್ಥೆಯು ರಾಷ್ಟ್ರೀಯ ವಿಜ್ಞಾನ ದಿನದ ಸಂದರ್ಭದಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವ ಸಂಪ್ರದಾಯ ಇಟ್ಟುಕೊಂಡಿದೆ. ಹವ್ಯಾಸಿಗಳಿಗಾಗಿ ಅದು ದೂರದರ್ಶಕ ತಯಾರಿಕೆಯ ಶಿಬಿರಗಳನ್ನೂ ನಡೆಸಿತ್ತು. ಎರಡು ಗಾಜಿನ ಬಿಲ್ಲೆಗಳ ನಡುವೆ ಒದ್ದೆ ಕಾರ್ಬೊರಂಡಂ ಪುಡಿ ಹಾಕಿ ಒಂದರ ಮೇಲೊಂದನ್ನು ಉಜ್ಜುತ್ತ ಹೋದರೆ ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಕೇಳಲು ಅರೆಯುವ ಕಲ್ಲಿನ ಕೆಲಸ. ಆದರೆ ಕೊನೆಯ ಹಂತದಲ್ಲಿ ಮೇಲ್ಮೈಯ ದೋಷ ಬೆಳಕಿನ ಅಲೆಯುದ್ದದ ಎಂಟನೆಯ ಒಂದು ಭಾಗಕ್ಕಿಂತ, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆಯಿರಬೇಕು. ಕೈಯಿಂದಲೇ ಇದನ್ನು ಸಾಧಿಸಬಹುದೆಂಬುದು ನಮಗೆ ಇಂದಿಗೂ ವಿಸ್ಮಯ.

ಉಪಕರಣ ಮನೆಗೆ ಬಂದ ಮೇಲೆ ಮೊದಲ ಕೆಲಸವನ್ನು ಹಗಲಿನಲ್ಲಿಯೇ ಮಾಡಬೇಕು. ಕೊಳವೆಯ ಮೇಲೆ ಕೂರಿಸುವ ಪುಟ್ಟ ಫೈಂಡರನ್ನು ಮುಖ್ಯ ದೂರದರ್ಶಕದೊಂದಿಗೆ ಹೊಂದಿಸುವುದೇ ಆ ಕೆಲಸ. ಸೂರ್ಯನಿಂದ ದೂರವಾದ ದಿಕ್ಕಿನಲ್ಲಿ, ಒಂದೆರಡು ಕಿಲೋಮೀಟರ್ ಆಚೆಯ ಮೊಬೈಲ್ ಗೋಪುರದ ತುದಿಯನ್ನೋ ನೀರಿನ ಟಾಕಿಯ ಅಂಚನ್ನೋ 25 ಮಿಲಿಮೀಟರಿನ ಐಪೀಸಿನಲ್ಲಿ ಮಧ್ಯಕ್ಕೆ ತಂದು, ಆಮೇಲೆ ಫೈಂಡರಿನ ತಿರುಪುಗಳನ್ನು ತಿರುಗಿಸಿ ಅದರಲ್ಲಿಯೂ ಅದೇ ತುದಿ ಮಧ್ಯಕ್ಕೆ ಬರುವಂತೆ ಮಾಡಬೇಕು. ಬಿಂಬ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ. ಈ ರಚನೆಯ ಸ್ವಭಾವವೇ ಹಾಗೆ. ಆಕಾಶದಲ್ಲಿ ಮೇಲು ಕೆಳಗು ಯಾರು ಕೇಳುತ್ತಾರೆ? ಫೈಂಡರ್ ಹೊಂದಿಸದೆ ರಾತ್ರಿ ಶನಿಯನ್ನು ಹುಡುಕುವುದೆಂದರೆ ಸ್ಟ್ರಾ ಕಡ್ಡಿಯೊಳಗಿಂದ ಇಣುಕಿ ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಹುಡುಕಿದಂತೆ.

ಇಲ್ಲಿಯೇ ಅತಿ ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕು. ದೂರದರ್ಶಕದಿಂದಾಗಲಿ ಫೈಂಡರಿನಿಂದಾಗಲಿ ಸೂರ್ಯನನ್ನು ಕ್ಷಣಮಾತ್ರವೂ ನೋಡಬಾರದು. ದೃಷ್ಟಿ ಶಾಶ್ವತವಾಗಿ ಹೋಗುತ್ತದೆ, ಹೋಗುವಾಗ ನೋವು ಕೂಡ ಆಗುವುದಿಲ್ಲ. ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ ಪುಟ್ಟ ಸೌರ ಶೋಧಕ ಹಳೆಯ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಬಿಸಿಗೆ ಅದು ಒಡೆಯುತ್ತದೆ, ಕಂಡರೆ ಅಂದೇ ಎಸೆದುಬಿಡಿ. ಸೂರ್ಯನನ್ನು ನೋಡಲೇಬೇಕೆಂದರೆ ಕೊಳವೆಯ ಬಾಯಿಯನ್ನೇ ಪೂರ್ತಿ ಮುಚ್ಚುವ ಪ್ರಮಾಣಿತ ಸೌರ ಹಾಳೆ ಬೇಕು, ಫೈಂಡರನ್ನು ಕಳಚಿಡಬೇಕು, ಹಿರಿಯರು ಪಕ್ಕದಲ್ಲಿರಬೇಕು. ದೂರದರ್ಶಕವನ್ನು ಮುಚ್ಚಳವಿಲ್ಲದೆ ಹಗಲಿನಲ್ಲಿ ತಾರಸಿಯಲ್ಲಿ ಬಿಟ್ಟುಬರುವುದೂ ಅಪಾಯವೇ.

ರಾತ್ರಿಯ ವೀಕ್ಷಣೆಗೆ ಮೊದಲ ಶತ್ರು ಶಾಖ. ಕೋಣೆಯ ಬೆಚ್ಚಗಿನ ದರ್ಪಣವನ್ನು ಡಿಸೆಂಬರದ ಚಳಿಗೆ ತಂದಾಗ ಅದರ ಮೇಲಿನ ಗಾಳಿ ಕುದಿಯುವ ನೀರಿನ ಹಬೆಯಂತೆ ಅಲುಗುತ್ತದೆ. ನೋಡುವುದಕ್ಕಿಂತ ಒಂದು ಗಂಟೆ ಮೊದಲೇ ದೂರದರ್ಶಕವನ್ನು ಹೊರಗಿಟ್ಟು ಊಟಕ್ಕೆ ಕೂತರೆ ಸರಿಹೋಗುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟಿನ ತಾರಸಿಯೂ ಸಂಜೆ ಶಾಖವನ್ನು ಉಗುಳುತ್ತಿರುತ್ತದೆ. ಅದರಿಂದಲೇ ಎಂಟು ಗಂಟೆಗೆ ಕಲಕಿದಂತೆ ಕಾಣುವ ಗುರುಗ್ರಹ ಹತ್ತೂವರೆಗೆ ನಿಶ್ಚಲವಾಗಿ ಕಾಣುವುದು. ಪಕ್ಕದ ಕಟ್ಟಡದ ಹವಾನಿಯಂತ್ರಕಗಳ ಮೇಲಿಂದ ಹಾದುಹೋಗುವ ದಿಕ್ಕನ್ನು ತಪ್ಪಿಸಿರಿ.

ಎರಡನೆಯದು ದರ್ಪಣಗಳ ಹೊಂದಾಣಿಕೆ. ಸಾಗಿಸುವಾಗ, ಮೆಟ್ಟಿಲು ಹತ್ತಿಸುವಾಗ ಎರಡೂ ದರ್ಪಣಗಳು ತುಸು ಅಲುಗುತ್ತವೆ. ಐಪೀಸಿನ ಜಾಗದಲ್ಲಿ ನಡುವೆ ಚಿಕ್ಕ ತೂತಿರುವ ಮುಚ್ಚಳವನ್ನಿಟ್ಟು ಇಣುಕಿದರೆ ಕಿರುದರ್ಪಣ, ಅದರೊಳಗೆ ಮುಖ್ಯ ದರ್ಪಣ, ಅದರೊಳಗೆ ಮತ್ತೆ ಕಿರುದರ್ಪಣದ ನೆರಳು ಹೀಗೆ ವೃತ್ತದೊಳಗೆ ವೃತ್ತ ಕಾಣುತ್ತದೆ. ಎಲ್ಲದರ ಕೇಂದ್ರವೂ ಒಂದೇ ಆಗುವವರೆಗೆ ತಳದ ಮೂರು ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಹಿಂದೆ ಇದಕ್ಕೆ ಕ್ಯಾಮೆರಾ ಫಿಲಂ ರೀಲಿನ ಕಪ್ಪು ಡಬ್ಬಿಯ ತಳಕ್ಕೆ ತೂತು ಕೊರೆದು ಬಳಸುತ್ತಿದ್ದೆವು. ಆ ಡಬ್ಬಿ ಈಗ ದೂರದರ್ಶಕಕ್ಕಿಂತ ದುರ್ಲಭವಾಗಿದೆ. ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪ್ರಖರವಾದ ನಕ್ಷತ್ರವೊಂದನ್ನು ತುಸು ಮಸುಕುಮಾಡಿ ನೋಡಿರಿ. ಅದು ಉದ್ದಿನ ವಡೆಯಂತೆ ಕಾಣುತ್ತದೆ. ವಡೆಯ ತೂತು ನಡುವಿನಲ್ಲಿದ್ದರೆ ಎಲ್ಲವೂ ಸರಿ.

ಇಷ್ಟಾದ ಮೇಲೆ ಏನನ್ನು ನೋಡಬೇಕು? ನಮ್ಮ ಮನೆಗಳ ಗೋಡೆಯ ಮೇಲಿರುವ ಪಂಚಾಂಗಕ್ಕಿಂತ ಉತ್ತಮ ಮಾರ್ಗದರ್ಶಿ ಬೇರೊಂದಿಲ್ಲ. ಚಂದ್ರನನ್ನು ಹುಣ್ಣಿಮೆಯಂದು ನೋಡಬೇಕೆಂಬ ಭ್ರಮೆ ಅನೇಕರಿಗಿದೆ. ಅಂದು ಸೂರ್ಯನ ಬೆಳಕು ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ, ಚಂದ್ರ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತಾನೆ. ಶುಕ್ಲ ಪಂಚಮಿಯಿಂದ ದಶಮಿಯವರೆಗೆ ನೋಡಿರಿ. ಅಷ್ಟಮಿಯ ಸುಮಾರಿಗೆ ಬೆಳಕು ಕತ್ತಲೆಗಳ ಗಡಿಯಲ್ಲಿ ಅಪೆನೈನ್ ಪರ್ವತಶ್ರೇಣಿಯ ಶಿಖರಗಳು ಉದ್ದನೆಯ ನೆರಳನ್ನು ಚೆಲ್ಲಿ ನಿಂತಿರುತ್ತವೆ. ಮರುದಿನ 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿ ಬೆಳಕಿಗೆ ಬರುತ್ತದೆ. ಸಂಕಷ್ಟಿಯ ರಾತ್ರಿ ಚಂದ್ರೋದಯಕ್ಕಾಗಿ ಹೇಗೂ ತಾರಸಿಯಲ್ಲಿ ಕಾಯುತ್ತೇವಷ್ಟೆ. ಅಂದು ಎದುರು ಅಂಚಿನಲ್ಲಿ ಸೂರ್ಯಾಸ್ತವಾಗುತ್ತಿರುತ್ತದೆ, ಕ್ರಿಸಿಯಂ ಎಂಬ ಕಪ್ಪು ಬಯಲಿನ ಸುತ್ತಲಿನ ಏರುಗಳು ಎದ್ದು ಕಾಣುತ್ತವೆ. ನಮ್ಮ ಮನೆಯಲ್ಲಿ ಅರ್ಘ್ಯ ಕೊಟ್ಟ ಮೇಲೆ ಉಪವಾಸ ಮುರಿಯುವುದಕ್ಕೆ ಈಗ ಕಾಲುಗಂಟೆ ತಡವಾಗುತ್ತದೆ. ಭಾದ್ರಪದ ಚೌತಿಯ ಚಂದ್ರದರ್ಶನದ ನಿಷೇಧವನ್ನು ಮಾತ್ರ ಪುಣೆಯ ಮೋಡಗಳೇ ಹೆಚ್ಚಾಗಿ ಪಾಲಿಸಿಕೊಡುತ್ತವೆ.

ಗ್ರಹಗಳಿಗೆ ನಗರದ ದೀಪಗಳ ಹಂಗಿಲ್ಲ. ಗುರುವಿನ ಎರಡು ಕಂದು ಪಟ್ಟಿಗಳೂ, 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಚಂದ್ರರೂ ಆರು ಇಂಚಿನಲ್ಲಿ ನಿಚ್ಚಳವಾಗಿ ಕಾಣುತ್ತವೆ. ರಾತ್ರಿ ಒಂಬತ್ತಕ್ಕೆ ಅವುಗಳ ಸ್ಥಾನವನ್ನು ಮಗುವಿನಿಂದ ಪುಸ್ತಕದಲ್ಲಿ ಗುರುತು ಮಾಡಿಸಿ, ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿಸಿರಿ. ಅತಿ ಒಳಗಿನ ಅಯೋ 42 ಗಂಟೆಗಳಲ್ಲಿ ಒಂದು ಸುತ್ತು ಮುಗಿಸುವುದರಿಂದ ಒಂದೇ ದಿನದಲ್ಲಿ ಆಚೆಯದು ಈಚೆಗೆ ಬಂದಿರುತ್ತದೆ. ಶನಿಯ ಉಂಗುರಗಳು 2025ರ ಮಾರ್ಚ್‌ನಲ್ಲಿ ಅಂಚಿನಿಂದ ನಮ್ಮ ಕಡೆಗೆ ತಿರುಗಿ ಗೆರೆಯಷ್ಟಾಗಿದ್ದವು. ಆ ಬಳಿಕ ಮೆಲ್ಲನೆ ತೆರೆದುಕೊಳ್ಳುತ್ತಿದ್ದು, 2032ರ ಸುಮಾರಿಗೆ ಪೂರ್ಣವಾಗಿ ಅರಳುತ್ತವೆ. ಇಂದು ಶಾಲೆಗೆ ಸೇರಿದ ಮಗುವಿಗೆ ಇದು ವರ್ಷವರ್ಷವೂ ನೋಡಿ ಚಿತ್ರ ಬರೆದಿಡಲು ಒಳ್ಳೆಯ ವಿಷಯ.

ಮದುವೆಯಲ್ಲಿ ಅರುಂಧತಿಯನ್ನು ತೋರಿಸುವ ಶಾಸ್ತ್ರ ನಮಗೆಲ್ಲ ಗೊತ್ತಿದೆ; ಬಹುಪಾಲು ದಂಪತಿಗಳು ಹಗಲಿನಲ್ಲಿ ಮಂಟಪದ ಸೂರನ್ನು ನೋಡಿ ತಲೆಯಾಡಿಸಿರುತ್ತಾರೆ. ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರದಲ್ಲಿ ಸಪ್ತರ್ಷಿ ಮಂಡಲ ಎತ್ತರದಲ್ಲಿರುವಾಗ ದೂರದರ್ಶಕವನ್ನು ವಸಿಷ್ಠನತ್ತ ತಿರುಗಿಸಿರಿ. 48 ಪಟ್ಟಿನಲ್ಲಿ ಅರುಂಧತಿ ದೂರದಲ್ಲಿ ಬೇರೆಯಾಗಿಯೇ ನಿಲ್ಲುತ್ತಾಳೆ. ಆದರೆ ವಸಿಷ್ಠನೇ ಎರಡಾಗಿ ಒಡೆದು ಕಾಣುತ್ತಾನೆ! 1617ರಲ್ಲಿ ಗೆಲಿಲಿಯೊನ ಶಿಷ್ಯ ಕಾಸ್ತೆಲ್ಲಿ ಗಮನಿಸಿದ ಈ ಜೋಡಿ, ದೂರದರ್ಶಕದಿಂದ ಬೇರ್ಪಡಿಸಿ ನೋಡಿದ ಮೊದಲ ಯಮಳ ನಕ್ಷತ್ರವೆಂದು ಹೆಸರಾಗಿದೆ. ಬೆಳ್ಳಿಹಬ್ಬದ ವಯಸ್ಸಿನ ದಂಪತಿಗಳಿಗೆ ನಾವು ಇದನ್ನು ತೋರಿಸಿದಾಗ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ. ಮಳೆಗಾಲ ಕಳೆದ ಮೇಲೆ ರಾಜಹಂಸದ ಕೊಕ್ಕಿನಲ್ಲಿರುವ ಆಲ್ಬಿರಿಯೊ ಒಂದು ಹೊನ್ನಿನ, ಒಂದು ನೀಲಿಯ ತಾರೆಯಾಗಿ ಕಾಣುತ್ತದೆ; ಇದಕ್ಕೂ ನಗರದ ಆಕಾಶ ಸಾಕು.

ನೀಹಾರಿಕೆಗಳ ವಿಷಯದಲ್ಲಿ ಮಾತ್ರ ನಿರೀಕ್ಷೆಯನ್ನು ಮೊದಲೇ ತಗ್ಗಿಸಿಕೊಳ್ಳಬೇಕು. ಛಾಯಾಚಿತ್ರಗಳ ಕೆಂಪು ನೇರಳೆ ಬಣ್ಣಗಳು ಮಂದ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆ ಜನವರಿಯ ಅಮಾವಾಸ್ಯೆಯ ಹತ್ತಿರ ಯೆರವಡಾದಿಂದಲೂ ಬೂದು ಬಣ್ಣದ ರೆಕ್ಕೆಯಂತೆ, ನಡುವೆ ನಾಲ್ಕು ಪುಟ್ಟ ತಾರೆಗಳೊಂದಿಗೆ ಕಾಣುತ್ತದೆ. ಆಂಡ್ರೊಮಿಡಾ ಗೆಲಾಕ್ಸಿ ಇಲ್ಲಿಂದ ನಿರಾಶೆಯೇ. ನಮಗೆ ಈಶಾನ್ಯದಲ್ಲಿ ಲೋಹಗಾಂವ್ ವಿಮಾನ ನಿಲ್ದಾಣ, ನೈಋತ್ಯದಲ್ಲಿ ಇಡೀ ನಗರದ ಪ್ರಭೆ. ಹೀಗಾಗಿ ನೆತ್ತಿಯ ಸುತ್ತಲಿನ ಆಕಾಶವನ್ನೇ ನೆಚ್ಚಬೇಕು. ಐಯುಕಾ ಕೂಡ ತನ್ನ ಎರಡು ಮೀಟರಿನ ಪ್ರತಿಫಲಕವನ್ನು ನಗರದಲ್ಲಿಡದೆ ಜುನ್ನರ್ ಕಡೆಯ ಗಿರವಲಿಯ ಗುಡ್ಡಕ್ಕೆ ಒಯ್ದಿದೆ. ನಮಗೆ ಗಿರವಲಿ ಇಲ್ಲದಿದ್ದರೇನು, ಊರು ಇದೆ. ಬೇಸಿಗೆ ರಜೆಗೆ ವಿಜಯಪುರ, ಬಾಗಲಕೋಟೆ, ಧಾರವಾಡಗಳ ಕಡೆಗೆ ಕಾರಿನಲ್ಲಿ ಹೋಗುವವರು ಆರು ಇಂಚಿನ ಕೊಳವೆಯನ್ನು ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಮಲಗಿಸಿ ಒಯ್ಯಬಹುದು. ದಕ್ಷಿಣಕ್ಕೆ ಹೋದಷ್ಟೂ ದಕ್ಷಿಣದ ತಾರೆಗಳು ಮೇಲೇರುತ್ತವೆ. ಲಕ್ಷಾಂತರ ತಾರೆಗಳ ಗೋಳಗುಚ್ಛವಾದ ಒಮೆಗಾ ಸೆಂಟಾರಿ ಪುಣೆಯಲ್ಲಿ ಇಪ್ಪತ್ತನಾಲ್ಕು ಡಿಗ್ರಿಯಷ್ಟೇ ಏರುತ್ತದೆ, ಮಂಗಳೂರಿನಲ್ಲಿ ಮೂವತ್ತು. ಬಯಲುಸೀಮೆಯ ಒಣ ಗಾಳಿಯಲ್ಲಿ, ಮೇ ತಿಂಗಳ ಅಮಾವಾಸ್ಯೆಯಂದು ಹೊಲದ ಅಂಚಿನಿಂದ ಅದನ್ನು ನೋಡಿದರೆ ಚೆಲ್ಲಿದ ಸಕ್ಕರೆಯ ಹರಳಿನಂತೆ ಕಾಣುತ್ತದೆ. ಕರಾವಳಿಯಲ್ಲಿ ತೇವ ಹೆಚ್ಚಾದ್ದರಿಂದ ಐಪೀಸಿನ ಮೇಲೆ ಮಂಜು ಕೂರುತ್ತದೆ. ಕೂದಲೊಣಗಿಸುವ ಯಂತ್ರವನ್ನು ದೂರದಿಂದ ಹಿಡಿದರೆ ಹೋಗುತ್ತದೆ.

ಕೊನೆಯದಾಗಿ ಪಾಲನೆ. ದರ್ಪಣದ ಮೇಲೆ ಧೂಳು ಕಂಡೊಡನೆ ಒರೆಸಲು ಹೋಗಬೇಡಿರಿ. ಧೂಳು ಬಿಂಬವನ್ನು ಕೆಡಿಸುವುದಕ್ಕಿಂತ ಬಟ್ಟೆಯ ಗೀರು ಹೆಚ್ಚು ಕೆಡಿಸುತ್ತದೆ. ಅಲ್ಯೂಮಿನಿಯಂ ಲೇಪ ಗಾಜಿನ ಹೊರಮೈಯಲ್ಲಿಯೇ ಇರುವುದರಿಂದ ಅದು ಬೆರಳ ಗುರುತಿಗೂ ಹಾಳಾಗುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ ದರ್ಪಣವನ್ನು ಹೊರತೆಗೆದು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ನೆನೆಸಿ, ಹತ್ತಿಯನ್ನು ಒತ್ತದೆ ತೇಲಿಸಿದಂತೆ ಎಳೆದು, ಡಿಸ್ಟಿಲ್ಡ್ ವಾಟರ್ ಸುರಿದು, ಓರೆಯಾಗಿ ನಿಲ್ಲಿಸಿ ಒಣಗಲು ಬಿಡಬೇಕು. ಜೂನ್ ಮೊದಲ ವಾರದಲ್ಲಿ ಪುಣೆಯ ಆಕಾಶ ಮುಚ್ಚಿಕೊಳ್ಳುವಾಗ ಎರಡೂ ಮುಚ್ಚಳಗಳನ್ನು ಹಾಕಿ, ಐಪೀಸುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಯಾದ ಡಬ್ಬಿಯಲ್ಲಿಟ್ಟು, ಕೊಳವೆಯನ್ನು ಒಣ ಕೋಣೆಯಲ್ಲಿಡಿರಿ. ಮಂಚದ ಕೆಳಗೆ ಬೇಡ. ಅಲ್ಲಿ ನೆಲದ ತೇವ ಏರಿ ದರ್ಪಣಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮ ಹಳೆಯ 76 ಮಿಲಿಮೀಟರಿನದಕ್ಕೆ ಆದದ್ದು ಅದೇ.